ತಾಲ್ಕೋತ್ ಮುಗಿಯುವುದು ಯಾವಾಗ?

ಕೆಲಸ ಬೆಟ್ಟದಷ್ಟು, ಮಾಡುವ ಕೈ ಎರಡೇ. ಸಣ್ಣ ಅಂಗಡಿ ನಡೆಸುವವರ ಗೋಳು ಎಲ್ಲ ಊರಲ್ಲೂ ಇದೇ. ಸಾವೋ ಸೀಮೆಯ ಸರೋವರದ ದಂಡೆಯಲ್ಲಿ ಬೇಕರಿ ನಡೆಸುತ್ತಿದ್ದ ಹಿಲ್ಕಾಳ ಗೋಳೂ ಇದೇ ಆಗಿತ್ತು. ರೈ ಧಾನ್ಯದ ದಪ್ಪ ರೊಟ್ಟಿಯ ಹೊಟ್ಟೆಗೆ ಬೆರಳುದ್ದದ ಮೀನು ತುಂಬಿ, ಬಾಯಿ ಮುಚ್ಚಿ, ಗಂಟೆಗಟ್ಟಲೆ ಬೇಯಿಸುವ ಅವಳ ಕಲಕುಕ್ಕೊ ಸಂತೆಗೆ ಬಂದ ಅರ್ಧ ದಿನದಲ್ಲೇ ಖಾಲಿ. ಇನ್ನಷ್ಟು ಮಾಡು ಎನ್ನುವವರೇ ಎಲ್ಲ. ಹಿಟ್ಟು ನಾದಲು ಬರುತ್ತೇನೆ ಎನ್ನುವವರು ಒಬ್ಬರೂ ಇಲ್ಲ.

ಹಿಮ ಕರಗಿದ ಹೊಸದರಲ್ಲಿ ಹೊಸ ಒಲೆ ಬಂತು. ಅದನ್ನು ಒಳಗೆ ಸಾಗಿಸಲು ಹಿಲ್ಕಾ ತಾಲ್ಕೋತ್ ಕರೆದಳು. ತಾಲ್ಕೋತ್ ಎಂದರೆ ಮುಯ್ಯಾಳು ಕೆಲಸ. ಅಕ್ಕಪಕ್ಕದವರೆಲ್ಲ ಬಂದು ಹೆಗಲು ಕೊಡುತ್ತಾರೆ, ಕೆಲಸ ಮಾಡಿಸಿಕೊಂಡವರು ಹೊಟ್ಟೆ ತುಂಬ ಊಟ ಹಾಕುತ್ತಾರೆ, ನಾಳೆ ಅವರ ಮನೆಗೆ ಇವರು ಹೋಗುತ್ತಾರೆ. ಅಂದು ಒಲೆ ಒಳಗೆ ಬಂತು, ಬಟಾಣಿ ಸಾರು ತಳ ಕಂಡಿತು, ಜನ ಮನೆಗೆ ಹೋದರು. ಮರುದಿನ ಬೆಳಿಗ್ಗೆ ನೋಡಿದರೆ ತೌನೊ ಮತ್ತೆ ಬಾಗಿಲಲ್ಲಿ ನಿಂತಿದ್ದ.

ತೌನೊ ಮೂರನೇ ಮನೆಯವನು. ಬಸ್ಸು ಓಡಿಸುತ್ತಿದ್ದ. ಆ ದಾರಿಯ ಬಸ್ಸನ್ನೇ ನಿಲ್ಲಿಸಿದ ಮೇಲೆ ಅವನಿಗೆ ಕೆಲಸವಿರಲಿಲ್ಲ.

"ಕೈ ಬೇಕಾ?" ಅಂದ.

"ಬೇಡ ಅಂತೇನಿಲ್ಲ," ಅಂದಳು ಹಿಲ್ಕಾ.

"ಬರೋದಿಲ್ಲ ಅಂತಾನೂ ಇಲ್ಲ," ಅಂದ ತೌನೊ.

ಇಷ್ಟೇ. ಸಂದರ್ಶನ, ನೇಮಕ, ಒಪ್ಪಂದ ಎಲ್ಲ ಇದರಲ್ಲೇ ಮುಗಿಯಿತು. ಸಾವೋದವರು ಬಾಯಿ ತೆರೆದರೆ ಜವಾಬ್ದಾರಿ ಕೇಳಿಸಿಕೊಂಡವನದು ಎಂದು ಹೊರಗಿನವರು ನಗುವುದು ಸುಮ್ಮನಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ.

ವಸಂತ ಹೋಯಿತು, ಬೇಸಿಗೆ ಹೋಯಿತು, ಮರದ ಎಲೆ ಹಳದಿಯಾಯಿತು. ತೌನೊ ದಿನಾ ಬಂದ. ಬಸ್ಸಿನ ಚಕ್ರ ತಿರುಗಿಸಿದ ಕೈಗೆ ಹಿಟ್ಟು ಬೇಗ ಒಗ್ಗಿತು. ಅವನು ಮುಚ್ಚಿದ ಕಲಕುಕ್ಕೊ ಒಲೆಯಲ್ಲಿ ಒಂದೂ ಬಿರಿಯುತ್ತಿರಲಿಲ್ಲ. ಶನಿವಾರ ಹಿಲ್ಕಾ ಒಂದಷ್ಟು ಕುಕ್ಕೊ ಕಟ್ಟಿ, ಕಾಫಿ ಖರ್ಚಿಗೆ ಎಂದು ಕೈಗೆ ಏನಾದರೂ ತುರುಕುತ್ತಿದ್ದಳು. ಇವನು ಯಾರು ಎಂದು ಯಾರಾದರೂ ಕೇಳಿದರೆ "ತಾಲ್ಕೋತಿಗೆ ಬಂದಿದ್ದಾನೆ" ಎನ್ನುತ್ತಿದ್ದಳು. ಅದು ಅವಳಿಗೆ ಸುಳ್ಳು ಅನ್ನಿಸಿರಲೇ ಇಲ್ಲ.

ಬೇಕರಿಯಲ್ಲಿ ಹಿಟ್ಟು ನಾದುವ ಯಂತ್ರವಿತ್ತು. ಅದರ ಬಾಯಿಗೆ ಜಾಲರಿಯ ಮುಚ್ಚಳ. ಮುಚ್ಚಳ ಎತ್ತಿದರೆ ಅದರ ಕೆಳಗೆ ಒತ್ತಿಕೊಂಡಿರುವ ಗುಂಡಿ ಸಡಿಲಿ ಯಂತ್ರ ತಾನಾಗಿ ನಿಲ್ಲಬೇಕು. ಆದರೆ ಅಂಚಿಗೆ ಅಂಟಿದ ಹಿಟ್ಟನ್ನು ಒಳಕ್ಕೆ ತಳ್ಳಲು ಪದೇ ಪದೇ ನಿಲ್ಲಿಸಿದರೆ ಕೆಲಸ ಸಾಗುವುದು ಹೇಗೆ? ಹಿಲ್ಕಾ ಆ ಗುಂಡಿ ಒತ್ತಿಕೊಂಡೇ ಇರುವ ಹಾಗೆ ಬಟ್ಟೆ ಕ್ಲಿಪ್ಪು ಸಿಕ್ಕಿಸಿದ್ದಳು. ಮುಚ್ಚಳ ತೆರೆದೇ ಇರುತ್ತಿತ್ತು, ಯಂತ್ರ ತಿರುಗುತ್ತಲೇ ಇರುತ್ತಿತ್ತು. ತಾನು ವರ್ಷಗಟ್ಟಲೆ ಹಾಗೇ ಮಾಡಿದವಳು. ತೌನೊಗೂ ಹಾಗೇ ಮಾಡಿ ತೋರಿಸಿದ್ದಳು. ಅವನಿಗೆ ಸಿಕ್ಕ ತರಬೇತಿ ಅದೊಂದೇ.

ಒಂದು ಬೆಳಿಗ್ಗೆ ಯಂತ್ರ ತೌನೊನ ಅಂಗಿಯ ತೋಳನ್ನು ಹಿಡಿಯಿತು. ಹಿಲ್ಕಾ ಓಡಿ ಬಂದು ಕರೆಂಟು ಆರಿಸುವಷ್ಟರಲ್ಲಿ ಅಂಗಿ ಹರಿದಿತ್ತು, ಎರಡು ಬೆರಳು ತಿರುಚಿಕೊಂಡು ಊದಿದ್ದವು. ಹಳೆಯ ಅಂಗಿ, ಬೇಗ ಹರಿಯಿತು. ಹೊಸದಾಗಿದ್ದರೆ ಕೈಯೇ ಹೋಗುತ್ತಿತ್ತು.

ಹಿಲ್ಕಾ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಆರೋಗ್ಯ ಕೇಂದ್ರಕ್ಕೆ ಹೋದಳು. ಅಲ್ಲಿದ್ದ ನರ್ಸ್ ಲೆಂಪಿ ಹಿಲ್ಕಾಳ ಶಾಲೆಯ ಗೆಳತಿ. ಬೆರಳಿಗೆ ಪಟ್ಟಿ ಸುತ್ತುತ್ತಾ ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಅವಳು ಕೇಳಿದಳು.

"ಇದು ಕೆಲಸದಲ್ಲಿ ಆಗಿದ್ದಾ, ಬಿಡುವಿನಲ್ಲಾ?"

ತೌನೊ ಹಿಲ್ಕಾಳ ಕಡೆ ಒಮ್ಮೆ ನೋಡಿದ. "ಬಿಡುವಲ್ಲಿ. ಹಿಟ್ಟು ನಾದೋದು ನನ್ನ ಹವ್ಯಾಸ."

ಅವನ ಎದೆಯ ಮೇಲೆ ಹಿಲ್ಕಾಳ ಬೇಕರಿಯ ಹೆಸರಿದ್ದ ಏಪ್ರನ್ನು ಇನ್ನೂ ಹಾಗೇ ಇತ್ತು. ಲೆಂಪಿ ಅದನ್ನು ಓದಿದಳು, ಗೆಳತಿಯ ಮುಖ ಓದಿದಳು, ಅವನು ಹೇಳಿದ್ದನ್ನೇ ಬರೆದುಕೊಂಡಳು. ಎರಡು ವಾರ ಆ ಕೈ ಯಾವ ಕೆಲಸಕ್ಕೂ ಹೋಗಕೂಡದು ಎಂದಳು.

ಹಿಲ್ಕಾಳಿಗೆ ಆ ಕ್ಷಣ ಉಸಿರು ಬಂದಂತಾಯಿತು. ತನ್ನನ್ನು ಕಾಪಾಡಿದ ಪುಣ್ಯಾತ್ಮ ಅಂದುಕೊಂಡಳು. ದಾರಿಯಲ್ಲಿ ಅದು ಬೇರೆ ಥರ ಚುಚ್ಚತೊಡಗಿತು. ಪೆಟ್ಟು ತಿಂದವನೇ ಸುಳ್ಳು ಹೇಳಿದ್ದ. ಅವಳು ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದಳು.

ಮರುದಿನ ದೊಡ್ಡ ಕುಕ್ಕೊ ಒಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತೌನೊನ ಮನೆಗೆ ಹೋದಳು. ಅವನು ಬಹಳ ಉಪಕಾರ ಅಂದ. ಹಲಗೆಯ ಮೇಲಿಟ್ಟು ಎಡಗೈಯಲ್ಲಿ ಚಾಕು ಹಿಡಿದ. ಕುಕ್ಕೊದ ಚಿಪ್ಪು ಮರದ ತೊಗಟೆ ಇದ್ದ ಹಾಗೆ. ಒಂದು ಕೈ ಒತ್ತಿ ಹಿಡಿಯಬೇಕು, ಇನ್ನೊಂದು ಕೊಯ್ಯಬೇಕು. ಅದು ಹಲಗೆಯಿಂದ ಜಾರಿ ಮೇಜಿನ ಮೇಲೆ ಉರುಳುತ್ತಾ ಹೋಯಿತು. ತೌನೊ ನಕ್ಕ. ಹಿಲ್ಕಾಳಿಗೆ ನಗು ಬರಲಿಲ್ಲ. ಎರಡು ವಾರ ಇವನು ಏನು ಮಾಡುತ್ತಾನೆ, ಕರೆಂಟಿಗೆ, ಔಷಧಿಗೆ ದುಡ್ಡು ಎಲ್ಲಿಂದ ತರುತ್ತಾನೆ? ಬೆರಳು ನೆಟ್ಟಗಾಗದಿದ್ದರೆ? ಕುಕ್ಕೊ ಕೊಯ್ದುಕೊಟ್ಟು ಹೊರಟು ಬಂದಳು.

ಸಂಜೆ ಲೆಂಪಿ ಸೈಕಲ್ಲು ತುಳಿದುಕೊಂಡು ಬೇಕರಿಗೆ ಬಂದಳು. ಹಿಲ್ಕಾ ಕಾಫಿ ಬಗ್ಗಿಸಿದಳು, ಲೆಂಪಿ ಏನೂ ಕೇಳದೆಯೇ ವಾದ ಶುರು ಮಾಡಿದಳು. ತೌನೊ ನೌಕರನಲ್ಲ, ನೆರೆಯವನು. ನೆರೆಯವನ ಕೈಗೆ ಒಪ್ಪಂದದ ಕಾಗದ ಕೊಟ್ಟರೆ ನಿನ್ನ ಮೇಲೆ ನಂಬಿಕೆ ಇಲ್ಲ ಅಂದ ಹಾಗೆ. ತಾಲ್ಕೋತಿಗೆಲ್ಲ ಕಾನೂನು ಎಲ್ಲಿಂದ ಬಂತು?

ಲೆಂಪಿ ಕಾಫಿ ಮುಗಿಸಿ ಬಟ್ಟಲು ಕೆಳಗಿಟ್ಟಳು. "ತಾಲ್ಕೋತಿಗೆ ಒಂದು ಕೊನೆ ಅಂತ ಇರುತ್ತೆ ಕಣೇ. ಸಾರು ಉಂಡು ಮನೆಗೆ ಹೋಗ್ತಾರೆ. ನಿಂದು ಯಾವಾಗ ಮುಗಿಯುತ್ತೆ?"

"ಮೀನು ಮುಗಿದಾಗ."

"ಸರೋವರ ಬತ್ತೋವರೆಗೆ ಅನ್ನು. ಸರಿ, ಮುಯ್ಯಿ ಅಂದ್ರೆ ತೀರಿಸಬೇಕು ತಾನೆ? ನೀನು ಅವನ ಮನೆ ಕೆಲಸಕ್ಕೆ ಹೋಗಿದ್ದೀಯಾ, ಒಂದಾದ್ರೂ ಸಲ?"

ಹಿಲ್ಕಾ ಸಕ್ಕರೆ ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಕೂತಳು.

"ನೀನು ಹೇಳಿದ ಹೊತ್ತಿಗೆ ಬರ್ತಾನೆ, ನೀನು ಹೇಳಿದ ಹಾಗೆ ಮಾಡ್ತಾನೆ, ನೀನು ಕೊಟ್ಟಿದ್ದು ತಗೋತಾನೆ, ಲಾಭ ನಿಂದು. ಅದಕ್ಕೆ ನೌಕರಿ ಅಂತಾರೆ. ಕಾಗದ ಇರಲಿ ಬಿಡಲಿ, ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ."

"ನಾನೇನೂ ಒಪ್ಪಂದ ಮಾಡಿಲ್ಲ. ಬೇಡ ಅಂತೇನಿಲ್ಲ ಅಂದೆ ಅಷ್ಟೆ."

"ಸಾವೋದಲ್ಲಿ ಅದಕ್ಕಿಂತ ಗಟ್ಟಿ ಮಾತು ಮದುವೇಲೂ ಆಡಲ್ಲ," ಅಂದಳು ಲೆಂಪಿ.

ಇಬ್ಬರೂ ನಕ್ಕರು. ಆಮೇಲೆ ಲೆಂಪಿ ಒಂದೊಂದಾಗಿ ಬಿಡಿಸಿ ಹೇಳಿದಳು. ಕೆಲಸಕ್ಕೆ ಇಟ್ಟುಕೊಂಡವರಿಗೆ ಏನು ಕೆಲಸ, ಎಷ್ಟು ಹೊತ್ತು, ಏನು ಸಂಬಳ ಎಂದು ಬರೆದು ಕೊಡಬೇಕು. ಅದು ಅಪನಂಬಿಕೆಯಲ್ಲ, ನಾಳೆ ಇಬ್ಬರ ನೆನಪೂ ಜಗಳ ಆಡದಿರಲಿ ಎಂದು. ಕೆಲಸದಲ್ಲಿ ಪೆಟ್ಟಾದರೆ ನೋಡಿಕೊಳ್ಳುವ ವಿಮೆ ಮಾಡಿಸಬೇಕು. ಒಬ್ಬನೇ ನೌಕರನಿದ್ದರೂ ಅವನಿಗೆ ಆರೋಗ್ಯ ಸೇವೆಯ ಏರ್ಪಾಡು ಮಾಡಬೇಕು. ಯಂತ್ರದ ಮುಚ್ಚಳ ಯಂತ್ರದ ಮೇಲಿರಬೇಕು. ಅದರ ಅಪಾಯ ಎಲ್ಲಿದೆ, ನಿಲ್ಲಿಸುವುದು ಹೇಗೆ ಎಂದು ಮೊದಲ ದಿನವೇ ತೋರಿಸಬೇಕು. ಸಂತೆಯ ಕಾಲಕ್ಕೆ ಮಾತ್ರ ಆಳು ಬೇಕಿದ್ದರೆ ಅಷ್ಟೇ ಕಾಲಕ್ಕೆ, ಕಾರಣ ಬರೆದು, ಇಟ್ಟುಕೊಳ್ಳಬಹುದು. ಮೊದಲು ಹೊಂದುತ್ತದೋ ನೋಡಬೇಕಿದ್ದರೆ ಪರೀಕ್ಷೆಯ ಅವಧಿ ಎಂದು ಮೊದಲೇ ಮಾತಾಡಿಕೊಳ್ಳಬಹುದು.

"ವಿಮೆ ಮಾಡಿಸಿಲ್ಲವಲ್ಲ. ಈಗ ಆಗಿರೋದಕ್ಕೆ ಏನು ಮಾಡ್ಲಿ?" ಹಿಲ್ಕಾಳ ದನಿ ಇಳಿದಿತ್ತು.

"ನಿಂಗೆ ಸ್ವಲ್ಪ ಬಿಸಿ ಮುಟ್ಟಬಹುದು. ತೌನೊಗೆ ಸಿಗಬೇಕಾದ ಪರಿಹಾರಕ್ಕೆ ಈಗಲೂ ದಾರಿ ಇದೆ. ಆದ್ರೆ ಪೆಟ್ಟು ಕೆಲಸದಲ್ಲೇ ಆಯ್ತು ಅಂತ ಮೊದಲು ಯಾರಾದ್ರೂ ಹೇಳಬೇಕಲ್ಲ. ಅವನಂತೂ ಹೇಳಲ್ಲ."

ಮರುದಿನ ಹಿಲ್ಕಾ ಕೆಲಸದ ಸುರಕ್ಷತೆ ನೋಡುವ ಕಚೇರಿಗೆ ಫೋನು ಮಾಡಿದಳು. ಬೈಗುಳ ಬೀಳುತ್ತದೆ, ಬಾಗಿಲಿಗೆ ಬೀಗ ಬೀಳುತ್ತದೆ ಎಂದು ಹೆದರಿದ್ದಳು. ಆ ಕಡೆಯ ಹೆಂಗಸು ಸಮಾಧಾನವಾಗಿ ಕೇಳಿಸಿಕೊಂಡು, ಯಾವುದನ್ನು ಮೊದಲು ಮಾಡಬೇಕು ಎಂದು ಹೇಳಿಕೊಟ್ಟಳು. ಹಿಲ್ಕಾ ಕ್ಲಿಪ್ಪು ಕಿತ್ತು ಬಟ್ಟೆಯ ಹಗ್ಗಕ್ಕೆ ಹಾಕಿದಳು. ಯಂತ್ರ ರಿಪೇರಿಯವನನ್ನು ಕರೆಸಿ ಮುಚ್ಚಳವನ್ನೂ ಗುಂಡಿಯನ್ನೂ ಸರಿ ಮಾಡಿಸಿದಳು. ಆಮೇಲೆ ತೌನೊನ ಮನೆಗೆ ಹೋಗಿ ಕಾರು ಹತ್ತು ಅಂದಳು.

ಆರೋಗ್ಯ ಕೇಂದ್ರದಲ್ಲಿ ಲೆಂಪಿಯ ಮುಂದೆ ನಿಂತಾಗ ಅವಳ ನಾಲಿಗೆಗೆ ಅಭ್ಯಾಸದ ಮಾತುಗಳೇ ಬಂದವು. ಹಾಗೂ ಇರಬಹುದು, ಹೀಗೂ ಇರಬಹುದು. ಅವನ್ನೆಲ್ಲ ನುಂಗಿಕೊಂಡಳು.

"ತೌನೊ ನನ್ನ ಬೇಕರಿಯ ನೌಕರ. ನನ್ನ ಯಂತ್ರದಲ್ಲಿ, ನನ್ನ ಕೆಲಸ ಮಾಡ್ತಾ ಪೆಟ್ಟಾಯ್ತು. ಮುಚ್ಚಳ ತೆರೆದಿಟ್ಟವಳು ನಾನು. ಹಾಗೇ ಬರ್ಕೋ."

ಲೆಂಪಿ ಬರೆದುಕೊಂಡಳು. ತೌನೊ ನೆಲ ನೋಡುತ್ತಿದ್ದವನು ತಲೆಯೆತ್ತಿದ. ಅವನ ಕಿವಿ ಕೆಂಪಾಗಿತ್ತು.

"ನೀನು ಸಾವೋದವಳು ಹೌದೋ ಅಲ್ಲವೋ ಅಂತ ಅನುಮಾನ ಬರ್ತಾ ಇದೆ," ಅಂದ.

ಅಂದು ಮಧ್ಯಾಹ್ನ ಬೇಕರಿಯ ಮೇಜಿನ ಮುಂದೆ ಇಬ್ಬರೂ ಕೂತು ಹಿಲ್ಕಾ ಬರೆದಿಟ್ಟ ಒಪ್ಪಂದ ಓದಿದರು. ಕಳೆದ ತಿಂಗಳುಗಳ ಸಂಬಳವನ್ನು ಲೆಕ್ಕ ನೋಡುವವರ ಹತ್ತಿರ ಸರಿಮಾಡಿಸುವುದೆಂದೂ, ಕೈ ಗುಣವಾಗುವವರೆಗೆ ರಜೆಯ ಸಂಬಳವೆಂದೂ ಹಿಲ್ಕಾ ಹೇಳಿದಳು. ತೌನೊ ತನ್ನ ಹೆಸರಿದ್ದ ಸಾಲನ್ನು ಎರಡು ಸಲ ಓದಿದ. ಬಸ್ಸು ನಿಂತ ಮೇಲೆ ತನ್ನ ಹೆಸರನ್ನು ಯಾವ ಕೆಲಸದ ಪಕ್ಕದಲ್ಲೂ ಕಂಡಿರಲಿಲ್ಲ ಎಂದು ಮೆಲ್ಲಗೆ ಅಂದ. ಅಪನಂಬಿಕೆ ಅಂದುಕೊಳ್ಳುತ್ತಾನೆ ಎಂದು ತಾನು ಹೆದರಿದ್ದು ಇವನಿಗಾ ಎಂದು ಹಿಲ್ಕಾಳಿಗೆ ನಾಚಿಕೆಯಾಯಿತು.

ಎರಡು ವಾರದ ಮೇಲೆ ಅವನು ಮತ್ತೆ ಬಂದ. ಅವನು ತೊಟ್ಟಿದ್ದ ಬಿಗಿ ತೋಳಿನ ಹೊಸ ಅಂಗಿ ಕೊಟ್ಟದ್ದು ಹಿಲ್ಕಾ. ಮುಚ್ಚಳ ಎತ್ತಿದಳು, ಯಂತ್ರ ನಿಂತಿತು. ಮುಚ್ಚಿದಳು, ಚಾಲೂ ಮಾಡುವ ಗುಂಡಿ ಒತ್ತಿದಳು, ತಿರುಗಿತು. ಈಗ ನೀನು ಮಾಡಿ ತೋರಿಸು ಅಂದಳು. ಅಂಟಿದ ಹಿಟ್ಟು ತಳ್ಳಲು ನಿಲ್ಲಿಸಿದ ಹೊತ್ತನ್ನೆಲ್ಲ ಕೂಡಿಸಿದರೂ ಒಂದು ಬಟ್ಟಲು ಕಾಫಿ ಕುಡಿಯುವಷ್ಟೂ ಆಗಲಿಲ್ಲ.

ಅಂಗಡಿ, ಕಾರ್ಖಾನೆ, ದೋಣಿ ಕಟ್ಟುವ ಶೆಡ್ಡು ನಡೆಸುವವರೇ, ನಿಮ್ಮಲ್ಲಿ ಇಂದು ಕೈ ಹಚ್ಚಿದವರು ನಾಳೆಯೂ ಬರುತ್ತಾರೆಯೇ? ಹಾಗಿದ್ದರೆ ಅವರು ಅತಿಥಿಗಳಲ್ಲ, ನಿಮ್ಮ ನೌಕರರು. ಒಪ್ಪಿದ್ದನ್ನು ಬರೆದು ಕೊಡಿ, ವಿಮೆ ಮಾಡಿಸಿ, ಯಂತ್ರದ ಮುಚ್ಚಳ ಮುಚ್ಚಿ, ಕೆಲಸ ಕಲಿಸಿ. ತಿಳಿಯದಿದ್ದರೆ ಕೇಳಿ, ಹೇಳಿಕೊಡುವವರಿದ್ದಾರೆ. ನೆರೆಯವನ ಮೇಲೆ ನಿಮಗೆ ಪ್ರೀತಿ ಇದ್ದರೆ, ನಿಮ್ಮ ಸಲುವಾಗಿ ಅವನು ಸುಳ್ಳು ಹೇಳಬೇಕಾದ ದಿನ ಬರದ ಹಾಗೆ ನೋಡಿಕೊಳ್ಳಿ.