ಮಾಯಣ್ಣನ ಜರ್ಮನಿ ಕತ್ತಿ

ರಾಮಾನುಜ ಅಯ್ಯಂಗಾರರು ಮೂವತ್ತು ವರ್ಷ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಸುತ್ತಿಗೆ, ಅರ, ಸ್ಪ್ಯಾನರುಗಳನ್ನು ಕಾದವರು. ಒಂದನ್ನಾದರೂ ಹಿಡಿದು ಕೆಲಸ ಮಾಡಿದವರಲ್ಲ. ಪಿಂಚಣಿಯಾದ ಮೇಲೆ ಆ ಆಸೆಯೆಲ್ಲ ಒಟ್ಟಿಗೇ ಮೈಮೇಲೆ ಬಂತು. ಬಂದದ್ದು ಕ್ಷೌರದ ಮಾಯಣ್ಣನ ಗ್ರಹಚಾರಕ್ಕೆ.

ಮಾಯಣ್ಣನದು ಒಂದೇ ಕತ್ತಿ, ಅವನಪ್ಪನ ಕಾಲದ ಜರ್ಮನಿ ಮಾಲು. ಮಲ್ಲೇಶ್ವರದ ಮೂರು ಕ್ರಾಸುಗಳ ಗಡ್ಡ ಅದನ್ನೇ ನಂಬಿತ್ತು, ಅವನ ಮನೆಯ ಒಲೆಯೂ ಅದನ್ನೇ ನಂಬಿತ್ತು. ಅದು ಕಲ್ಲಿನ ಮೇಲೆ ಬಿದ್ದು ಅಲಗು ಮುಕ್ಕಾಯಿತು. ಯುದ್ಧದ ಕಾಲ, ಹೊಸದು ಎಲ್ಲಿಂದ ಬರಬೇಕು? ನಾನಿಲ್ಲವೇನೋ, ಎಂಟು ದಿನ ಕೊಡು ಎಂದರು ಅಯ್ಯಂಗಾರರು. ದೊಡ್ಡವರ ಮಾತು, ಮಾಯಣ್ಣ ಕೊಟ್ಟ.

ಅವರು ಹೆಂಡತಿ ರಂಗನಾಯಕಮ್ಮನ ಹೊಲಿಗೆ ಯಂತ್ರದ ತಲೆ ಕಿತ್ತು, ಕಾಲಲ್ಲಿ ತುಳಿಯುವ ಚಕ್ರಕ್ಕೆ ಸಾಣೆಕಲ್ಲು ಜೋಡಿಸಿದರು. ಕತ್ತಿ ಅಲುಗದಂತೆ ಹಿಡಿಯಲು ಮುರಿದ ಕೊಡೆಯ ಕಡ್ಡಿಗಳಿಂದ ಒಂದು ಇಕ್ಕಳ, ಹೊಳಪಿಗೆ ಹಳೇ ಕೋಟಿನ ಬನಾತಿನ ಬಿಲ್ಲೆ. ರಂಗನಾಯಕಮ್ಮ ಯಂತ್ರ ಹೋದದ್ದಕ್ಕಿಂತ ಕ್ಷೌರದ ಕತ್ತಿ ಮನೆಯೊಳಗೆ ಬಂದದ್ದಕ್ಕೆ ಹೆಚ್ಚು ಕೆಂಡವಾದರು. ಕೊನೆಗೆ ಒಂದು ಕಟ್ಟಳೆ ಹಾಕಿದರು: ಹಿತ್ತಿಲ ಜಗಲಿಯಲ್ಲಿ ಏನಾದರೂ ಮಾಡಿಕೊಳ್ಳಿ, ಆ ಕತ್ತಿ ಮುಟ್ಟಿದ ನೀರು ಒಂದು ಹನಿ ನೆಲಕ್ಕೆ ಬಿದ್ದರೂ ಮಡಿ ಕೆಟ್ಟಿತು. ಅಯ್ಯಂಗಾರರು ಖುಷಿಯಿಂದಲೇ ಒಪ್ಪಿದರು. ಉಕ್ಕಿಗೇಕೆ ನೀರು, ತುಕ್ಕು ಹಿಡಿಯುವುದಕ್ಕೆ?

ಎಂಟು ದಿನ ಹದಿನೆಂಟಾಯಿತು. ದಿನಕ್ಕೊಂದು ಸುಧಾರಣೆ, ಎಲ್ಲವೂ ಯಂತ್ರಕ್ಕೆ. ಬೀದಿಯ ಗಂಡಸರೆಲ್ಲ ಮುಳ್ಳುಹಂದಿಗಳಾದರು. ಮಾಯಣ್ಣ ದಿನಾ ಬಂದು ಕೇಳಿ ಹೋಗುತ್ತಿದ್ದ. ಮನೆಯಲ್ಲಿ ರಾಗಿ ಮುಗಿಯಿತೆಂದು ಒಮ್ಮೆ ಹೇಳಿಯೂ ಹೇಳಿದ. ಅಯ್ಯಂಗಾರರು ಅವನಿಗೆ ಕೊಡೆಕಡ್ಡಿಯ ಇಕ್ಕಳದ ವೈಶಿಷ್ಟ್ಯವನ್ನು ವಿವರಿಸಿದರು.

ಹತ್ತೊಂಬತ್ತನೆಯ ದಿನ ಕತ್ತಿ ಸಿದ್ಧವಾಯಿತು. ಮುಕ್ಕು ಮಾಯ, ಮುಖ ಕಾಣುವಷ್ಟು ಹೊಳಪು, ಅಲಗಿನಂಚಿಗೆ ನವಿಲು ಕತ್ತಿನ ನೀಲಿ. ಆ ನೀಲಿ ತಮ್ಮ ಕೈಚಳಕವೆಂದೇ ಅವರು ಎತ್ತಿ ತೋರಿಸಿದರು.

ಮಾಯಣ್ಣ ಅಲಗನ್ನು ಉಗುರಿನ ಮೇಲೆ ಒತ್ತಿದ. ಅದು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಮಡಿಚಿಕೊಂಡಿತು. 

"ನೀರಿಲ್ದೆ ಸಾಣೆ ಹಿಡಿದ್ರಾ ಸ್ವಾಮಿ?" ಎಂದ. "ಕಾದು ನೀಲಿಗಟ್ಟಿ ಹದ ಹೋಗೈತೆ. ನಮ್ಮಪ್ಪನ ಕತ್ತಿ ಇನ್ನು ಬೆಣ್ಣೇನೂ ಕೊಯ್ಯಲ್ಲ."

ಅಯ್ಯಂಗಾರರು ಯುದ್ಧವನ್ನು ಬೈದರು, ಜರ್ಮನಿಯ ಉಕ್ಕನ್ನು ಬೈದರು, ಮಡಿಯನ್ನು ದನಿ ತಗ್ಗಿಸಿ ಬೈದರು. ಮಾಯಣ್ಣ ಎಲ್ಲವನ್ನೂ ಕೇಳಿಸಿಕೊಂಡು, ಹಾಗಾದರೆ ಈ ಯಂತ್ರ ಕೊಟ್ಟುಬಿಡಿ, ಚಾಕು ಕತ್ತರಿಗೆ ಸಾಣೆ ಹಿಡಿದು ಹೊಟ್ಟೆ ಹೊರೆಯುತ್ತೇನೆ ಎಂದ. ಅವರು ಬಾಯಿ ತೆರೆಯುವ ಮೊದಲೇ ರಂಗನಾಯಕಮ್ಮ ಒಳಗಿನಿಂದ, ಮೈಲಿಗೆಯಾದ ಯಂತ್ರ ತನಗಂತೂ ಬೇಡ, ಒಯ್ಯಲಿ ಎಂದುಬಿಟ್ಟರು.

ಕತ್ತಿ ಹಾಳಾದಾಗ ಒದ್ದೆಯಾಗದ ಅಯ್ಯಂಗಾರರ ಕಣ್ಣು ಯಂತ್ರ ಗೇಟು ದಾಟುವಾಗ ತುಂಬಿಬಂತು. ಹಿಂದೆಯೇ ಬೀದಿಗೆ ಬಂದು, ಇಕ್ಕಳ ಜೋಕೆ, ಬಿಲ್ಲೆ ಜೋಕೆ ಎಂದು ಗೋಗರೆದರು. ಮಾಯಣ್ಣ ಯಂತ್ರವನ್ನು ಕೆಳಗಿಳಿಸಿ ಅವರ ಮುಖವನ್ನು ಕನಿಕರದಿಂದ ನೋಡಿದ.

"ಹೆದರ್ಕೋಬೇಡಿ ಸ್ವಾಮಿ," ಎಂದ. "ಇದನ್ನ ನಾನು ರಿಪೇರಿ ಮಾಡಕ್ಕೆ ಹೋಗಲ್ಲ."