ಮುದ್ದೆಯ ತುತ್ತು ನೋಡಿದ ಹಲ್ಲಿನ ಡಾಕ್ಟರು

ಭೀಮನಬೀಡಿನ ದೊಡ್ಡಮಾದಮ್ಮನಿಗೆ ಹಲ್ಲುನೋವು ಬಂದರೆ ಮದ್ದು ಸೊಂಟದಲ್ಲೇ ಇರುತ್ತಿತ್ತು. ಎಲೆಅಡಿಕೆ ಚೀಲದಿಂದ ಒಂದು ಚಿಟಿಕೆ ಹೊಗೆಸೊಪ್ಪಿನ ಕಡ್ಡಿಪುಡಿ ತೆಗೆದು, ನೋಯುವ ಹಲ್ಲಿನ ಪಕ್ಕ ಕೆನ್ನೆಯೊಳಗೆ ಒತ್ತಿಟ್ಟುಕೊಂಡರೆ ಆಯಿತು. ಸ್ವಲ್ಪ ಹೊತ್ತಿಗೆ ಜೋಮು ಹಿಡಿದು ನೋವು ಮರೆತುಹೋಗುತ್ತಿತ್ತು. ಅವಳ ಅವ್ವನೂ ಹಾಗೇ ಮಾಡುತ್ತಿದ್ದಳು.

ಒಂದು ವರ್ಷದಿಂದ ಉಪ್ಸಾರಿನ ಖಾರ ತಾಗಿದರೆ ಅದೇ ಕೆನ್ನೆ ಬೆಂಕಿಯಂತೆ ಉರಿಯುತ್ತಿತ್ತು. ಉರಿದಾಗಲೂ ಅವಳು ಅದೇ ಜಾಗಕ್ಕೆ ಇನ್ನೊಂದು ಚಿಟಿಕೆ ಇಡುತ್ತಿದ್ದಳು.

ಪಕ್ಕದ ಮನೆಯ ಶಶಿರೇಖಾ ಆಶಾ ಕಾರ್ಯಕರ್ತೆ. ಅವಳು ಸುಮ್ಮನಿರಲಿಲ್ಲ.

"ದೊಡ್ಡವ್ವ, ಗುಂಡ್ಲುಪೇಟೆಗೆ ಓಗಿ ಹಲ್ಲಿನ ಡಾಕ್ಟ್ರಿಗೆ ತೋರ್ಸನ ಬಾ."

"ಓಗಮ್ಮಿ ಅತ್ಲಾಗ. ಮೇಲಿನ ಹಲ್ಲು ಕಿತ್ರ ಕಣ್ಣು ಓಯ್ತದಂತ."

"ಯಾರಂದ್ರು? ಹಲ್ಲು ಕಿತ್ರ ಹಲ್ಲು ಓಯ್ತದ, ಕಣ್ಣು ಇದ್ದಲ್ಲೇ ಇರ್ತದ."

ಜಗಲಿಯಲ್ಲಿ ಕೂತಿದ್ದ ಗಂಡ ಪುಟ್ಟಮಾದು ನಕ್ಕ. "ಮುದ್ದೆ ನುಂಗೋರಿಗೆ ಹಲ್ಲು ಇದ್ರೇನು, ಬಿದ್ರೇನು ಕಣಮ್ಮಿ?"

"ದೊಡ್ಡಪ್ಪ, ನಿನ್ ಬಾಯಲ್ಲಿ ಎಷ್ಟು ಹಲ್ಲವ, ಅದ ಹೇಳು ಮೊದ್ಲು."

"ನಾಕವ. ನಾಕೂ ಗಟ್ಟಿಯಾಗವ!"

ಮಾತು ನಗೆಯಲ್ಲಿ ಮುಗಿದುಹೋಯಿತು. ದೊಡ್ಡಮಾದಮ್ಮನೂ ನಕ್ಕಳು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು.

ಗುಂಡ್ಲುಪೇಟೆಯ ಹಲ್ಲಿನ ಡಾಕ್ಟರ್ ಚಂದ್ರಕುಮಾರ್ ಅವರನ್ನು ಸುತ್ತಮುತ್ತ ಅರಿಯದವರಿಲ್ಲ. ಕುದೇರಿನಲ್ಲಿ ಹುಟ್ಟಿ, ಮೈಸೂರಲ್ಲಿ ಓದಿ, ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಮಹಡಿಯಲ್ಲಿ ಕ್ಲಿನಿಕ್ ಇಟ್ಟು ಇಪ್ಪತ್ತೇಳು ವರ್ಷವಾಯಿತು. ಮೆಟ್ಟಿಲ ಬುಡದ ಬೋರ್ಡಿನಲ್ಲಿ ಅವರೇ ಬರೆಸಿದ ಮಾತಿದೆ: "ಭಾನುವಾರ ರಜೆ. ತುರ್ತಾದರೆ ಫೋನ್ ಮಾಡಿ. ಬೆಟ್ಟದ ಹತ್ತಿರ ಸಿಗ್ನಲ್ ಇದ್ದರೆ ಎತ್ತುತ್ತೇನೆ."

ಭಾನುವಾರ ಬಂತೆಂದರೆ ಅವರು ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ನಡೆದುಬಿಡುತ್ತಾರೆ. ಕೆರೆ ಏರಿ, ಹೊಲದ ಬದು, ಕಾಡಂಚಿನ ಬಂಡಿದಾರಿ. ಮೊದಮೊದಲು ಬೇಗೂರಿನ ಕಡೆಯವರು ಅವರನ್ನು ರಸ್ತೆ ಅಗಲ ಮಾಡಲು ಬಂದ ಇಂಜಿನಿಯರ್ ಎಂದುಕೊಂಡು, "ಸಾ, ನಮ್ ಮನೆ ಒಂದು ಬುಟ್ಬುಡಿ" ಎಂದು ಕೇಳಿದ್ದುಂಟು. ಕ್ಲಿನಿಕ್ಕಿನ ಕಿಟಕಿಯಾಚೆ ಯಾವುದೋ ಹಕ್ಕಿ ಕೂಗಿದರೆ ಕೈಯಲ್ಲಿನ ಯಂತ್ರ ನಿಲ್ಲಿಸಿ, "ಕೇಳಿ, ಕೇಳಿ" ಎನ್ನುತ್ತಾರೆ. ಬಾಯಿ ತುಂಬ ಹತ್ತಿ ಇಟ್ಟುಕೊಂಡು ಮಲಗಿದವರು ಕೇಳದೆ ಏನು ಮಾಡಿಯಾರು? ಮೈಸೂರಿಗೆ ಬಾ ಎಂದು ಗೆಳೆಯರು ಎಷ್ಟು ಸಲ ಕರೆದರೂ ಹೋಗಲಿಲ್ಲ. "ಇಲ್ಲಿ ಬಾಗಿಲು ಹಾಕಿ ಇಳಿದರೆ ಕಾಡು ಸಿಗುತ್ತೆ. ಅಲ್ಲಿ ಏನು ಸಿಗುತ್ತೆ?" ಎನ್ನುತ್ತಾರೆ.

ಆವತ್ತೂ ಭಾನುವಾರ. ಚೆಂಡು ಹೂ ಕೀಳುವ ಕಾಲ. ದೊಡ್ಡಮಾದಮ್ಮ ನಾಲ್ಕೈದು ಹೆಂಗಸರ ಜೊತೆ ಹೊಲದ ಹೊಂಗೆಮರದ ಕೆಳಗೆ ಬುತ್ತಿ ಬಿಚ್ಚಿ ಕೂತಿದ್ದಳು. ಬದುವಿನ ಮೇಲೆ ಬಂದ ಡಾಕ್ಟರು ನೀರು ಕೇಳಿದರು.

"ಬರೀ ನೀರ್ಯಾಕ ಸಾ? ಉಣ್ಣಿ ಬನ್ನಿ" ಎಂದು ಗುರುಮಲ್ಲಮ್ಮ ಅರ್ಧ ಮುದ್ದೆ ಮುರಿದುಕೊಟ್ಟಳು.

ಡಾಕ್ಟರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಉಂಡರು. ದೊಡ್ಡಮಾದಮ್ಮ ಓರೆಯಾಗಿ ತಿರುಗಿ, ಸೆರಗಿನ ಮರೆಯಲ್ಲಿ ಉಣ್ಣುತ್ತಿದ್ದಳು. ಉಳಿದವರ ತುತ್ತು ನಿಂಬೆಹಣ್ಣಿನಷ್ಟು. ಅವಳದು ಕಡಲೆಕಾಯಿ ಬೀಜದಷ್ಟು. ಅದನ್ನೂ ಬೆರಳಿನಿಂದ ಒಳಕ್ಕೆ ತಳ್ಳುತ್ತಿದ್ದಳು.

"ಅಕ್ಕಾ, ತುತ್ತು ಇಷ್ಟು ಚಿಕ್ಕದಾಗಿ ಎಷ್ಟು ದಿನ ಆಯ್ತು?" ಡಾಕ್ಟರು ಕೇಳಿದರು.

ದೊಡ್ಡಮಾದಮ್ಮನ ಕೈ ತಟ್ಟೆಯಲ್ಲೇ ನಿಂತಿತು. ದಿನಾ ಎದುರು ಕೂತು ಉಣ್ಣುವ ಪುಟ್ಟಮಾದುವಿಗೂ ಕಾಣದ ಗುಟ್ಟು ಅದು.

"ನಿಮ್ಗೆಂಗ ಗೊತ್ತಾಯ್ತು ಸಾ?"

"ನಾನು ಹಕ್ಕಿ ನೋಡೋನು. ಹಕ್ಕಿ ಯಾವುದು ಅಂತ ತಿಳಿಯೋಕೆ ಅದು ಹೇಗೆ ತಿನ್ನುತ್ತೆ ಅಂತ ನೋಡ್ತಾ ಕೂರ್ತೀನಿ. ಅಭ್ಯಾಸ ಆಗ್ಬುಟ್ಟದೆ."

"ವಯಸ್ಸಾಯ್ತಲ್ಲ ಸಾ."

"ವಯಸ್ಸಾದ್ರೆ ಹಸಿವು ಕಮ್ಮಿ ಆಗ್ಬೋದು. ಬಾಯಿ ಚಿಕ್ಕದಾಗಲ್ಲ."

ಡಾಕ್ಟರು ಕೈ ತೊಳೆದುಕೊಂಡು ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ಹಿಡಿದು, ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ತೂರಿಸಿ ತೋರಿಸಿದರು. "ಎಲ್ಲಾರೂ ಮಾಡಿ, ನೋಡನ."

ಹೆಂಗಸರಿಗೆ ಆಟವಾಯಿತು. ಕೈ ತೊಳೆದು, ಒಬ್ಬರ ಮುಖ ಒಬ್ಬರು ನೋಡಿ ಬಿದ್ದು ಬಿದ್ದು ನಕ್ಕರು. ದೊಡ್ಡಮಾದಮ್ಮನ ಬಾಯಿಗೆ ಒಂದು ಬೆರಳು ಹೋಯಿತು. ಎರಡನೆಯದು ಅರ್ಧಕ್ಕೆ ನಿಂತಿತು. ನಗೆಯೂ ನಿಂತಿತು.

ಡಾಕ್ಟರು ಅವಳನ್ನು ಬಿಸಿಲಿಗೆ ಮುಖ ಮಾಡಿ ಕೂರಿಸಿ, ಆದಷ್ಟು ಬಾಯಿ ತೆರೆಸಿ ನೋಡಿದರು. ಎಡಗೆನ್ನೆಯ ಒಳಗೆ ಸುಣ್ಣ ಬಳಿದಂಥ ಬಿಳಿ ಮಚ್ಚೆ.

"ಅಕ್ಕಾ, ಅಡಿಕೆ ಅಗಿದೂ ಅಗಿದೂ ಒಳಗಿನ ಚರ್ಮ ಬಿಗಿದುಕೊಂಡದೆ. ಕಡ್ಡಿಪುಡಿ ಇಟ್ಟ ಜಾಗದಲ್ಲಿ ಮಚ್ಚೆ ಎದ್ದದೆ. ಇದು ಕ್ಯಾನ್ಸರ್ ಅಂತ ನಾನು ಹೇಳ್ತಿಲ್ಲ. ಅಲ್ಲ ಅಂತಾನೂ ಹೇಳೋಕಾಗಲ್ಲ. ಚಾಮರಾಜನಗರದ ದೊಡ್ಡಾಸ್ಪತ್ರೆಯಲ್ಲಿ ಒಂದು ಚೂರು ತೆಗೆದು ಪರೀಕ್ಷೆ ಮಾಡಿಸ್ಬೇಕು."

"ನಾ ಒಲ್ಲೆ ಸಾ! ಬ್ಲೇಡು ತಾಗಿದ್ರ ಮೈಯೆಲ್ಲ ಹರಡ್ತದಂತ."

"ಪರೀಕ್ಷೆಗೆ ಚೂರು ತೆಗೆದ್ರೆ ಹರಡಲ್ಲ. ತೋರಿಸ್ದೆ ಬಚ್ಚಿಟ್ರೆ ಹರಡುತ್ತೆ."

ಅವಳು ತಲೆ ಎತ್ತಲಿಲ್ಲ. ಡಾಕ್ಟರು ಕೊರಳಿನ ದುರ್ಬೀನನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು.

"ರಂಗನಾಯಕ ಅಂತ ಇದ್ದ. ಕಾಡಲ್ಲಿ ನಂಗೆ ದಾರಿ ಕಲಿಸಿದವನು. ಎಲೆ ಅಲುಗಾಡಿದ್ರೆ ಸಾಕು, ಹಿಂದೆ ಯಾವ ಹಕ್ಕಿ ಕೂತದೆ ಅಂತ ಹೇಳ್ತಿದ್ದ. ಬಾಯಲ್ಲಿ ಯಾವಾಗ್ಲೂ ಕಡ್ಡಿಪುಡಿ. ಹತ್ತು ವರ್ಷ ಅವನು ಬೆರಳು ತೋರಿಸಿದ ಕಡೆ ನೋಡ್ದೆ ಅಕ್ಕಾ. ಹಲ್ಲಿನ ಡಾಕ್ಟ್ರು ನಾನು, ಅವನ ಬಾಯಿ ಒಂದ್ಸಲಾನೂ ನೋಡ್ಲಿಲ್ಲ. ಉಣ್ಣೋಕಾಗಲ್ಲ ಸಾ ಅಂತ ಅವನಾಗೇ ಬಂದಾಗ ತಡವಾಗಿತ್ತು."

ಡಾಕ್ಟರು ದುರ್ಬೀನನ್ನು ಮತ್ತೆ ಕೊರಳಿಗೆ ಹಾಕಿಕೊಂಡರು.

"ಅವತ್ತಿಂದ ಭಾನುವಾರ ಹಕ್ಕಿ ನೋಡ್ತೀನಿ, ಜೊತೆಗೆ ಉಣ್ಣೋರನ್ನೂ ನೋಡ್ತೀನಿ. ನೀವು ಬೇಗ ಸಿಕ್ಕಿದ್ದೀರ. ಹೋಗಿಬನ್ನಿ."

ಆ ಸಂಜೆ ದೊಡ್ಡಮಾದಮ್ಮ ತಾನೇ ಹೋಗಿ ಶಶಿರೇಖಾಳ ಬಾಗಿಲು ತಟ್ಟಿದಳು. ಮರುದಿನ ಬೆಳಗಿನ ಬಸ್ಸಿಗೆ ಶಶಿರೇಖಾ ದೊಡ್ಡಮಾದಮ್ಮನನ್ನು ಚಾಮರಾಜನಗರಕ್ಕೆ ಕರೆದೊಯ್ದಳು. ಚರ್ಮಕ್ಕೆ ಜೋಮು ಬರಿಸಿ ಚೂರು ತೆಗೆದರು. ರಿಪೋರ್ಟಿಗೆ ಹತ್ತು ದಿನ ಎಂದರು. ಆ ಹತ್ತು ದಿನ ಪುಟ್ಟಮಾದು ಜೋಕು ಮಾಡಲಿಲ್ಲ. ಒಂದು ರಾತ್ರಿ ಅವನೇ ಮುದ್ದೆ ತಿರುವಿ, ಸಣ್ಣ ಸಣ್ಣ ಉಂಡೆ ಕಟ್ಟಿ ಅವಳ ತಟ್ಟೆಯಲ್ಲಿ ಸಾಲಾಗಿಟ್ಟ. "ಎದುರ್ಗೇ ಕೂತಿದ್ದೆ. ನಂಗ್ ಕಾಣ್ನಿಲ್ವಲ್ಲ" ಎಂದಷ್ಟೇ ಹೇಳಿದ.

ರಿಪೋರ್ಟು ಬಂತು. ಕ್ಯಾನ್ಸರ್ ಆಗಿರಲಿಲ್ಲ. ಅದಕ್ಕೆ ಹಿಂದಿನ ಮೆಟ್ಟಿಲು. ಮಚ್ಚೆಯನ್ನು ಪೂರ್ತಿ ತೆಗೆದರು. ಅಡಿಕೆ, ಕಡ್ಡಿಪುಡಿ ಎರಡನ್ನೂ ಬಿಡಲೇಬೇಕು, ಮೂರು ತಿಂಗಳಿಗೊಮ್ಮೆ ಬಂದು ತೋರಿಸಲೇಬೇಕು ಎಂದರು. ಬಿಡುವುದು ಸುಲಭವಾಗಲಿಲ್ಲ. ಮೊದಲ ವಾರ ತಲೆ ಸಿಡಿಯುತ್ತಿತ್ತು, ಯಾರು ಮಾತಾಡಿಸಿದರೂ ಸಿಡುಕು. ಬಾಯಿ ಬೇಡಿದಾಗಲೆಲ್ಲ ಸೋಂಪು ಹಾಕಿಕೊಂಡಳು. ಎಲೆಅಡಿಕೆ ಚೀಲ ಈಗಲೂ ಸೊಂಟದಲ್ಲಿದೆ, ಅದರಲ್ಲಿ ಸೋಂಪಿದೆ. ಪುಟ್ಟಮಾದುವೂ ತನ್ನ ನಾಲ್ಕು ಹಲ್ಲು ತೋರಿಸಲು ಡಾಕ್ಟರ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿಬಂದ.

ಡಾಕ್ಟರು ಹೇಳಿಕೊಟ್ಟ ಬಾಯಿಯ ವ್ಯಾಯಾಮವನ್ನು ಅವಳು ದಿನಾ ಮಾಡುತ್ತಾಳೆ. ಈಗ ಎರಡು ಬೆರಳು ಸಲೀಸಾಗಿ ಹೋಗುತ್ತವೆ. ಮೂರನೆಯದು ಇನ್ನೂ ಪೂರ್ತಿ ಹೋಗಿಲ್ಲ. ಹೋಗದೆಯೂ ಇರಬಹುದು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಆದರೆ ತುತ್ತು ನೆಲ್ಲಿಕಾಯಿಯಷ್ಟಾಗಿದೆ.

ಈ ವರ್ಷ ಚೆಂಡು ಹೂ ಕೀಳಲು ಹೊಸದಾಗಿ ಬಂದ ಭಾನು ಎಂಬ ಹುಡುಗಿ ಬುತ್ತಿ ಮುಗಿಸಿ ಅಡಿಕೆ ಪೊಟ್ಟಣ ಹರಿದಳು. ದೊಡ್ಡಮಾದಮ್ಮ ಎದ್ದು ಅವಳ ಪಕ್ಕ ಬಂದು ಕೂತಳು. ಸೆರಗು ಹೆಗಲ ಮೇಲಿತ್ತು, ಬಾಯಿಗೆ ಅಡ್ಡವಿರಲಿಲ್ಲ.

"ಅದ ಬಿಸಾಕು ಕಣಮ್ಮಿ. ಬಿಸಿಲ್ಗ ತಿರಿಕ್ಕೊಂಡು ಬಾಯ್ ತಗಿ. ಏನ್ ನಾಚ್ಕ? ನಾ ನೋಡ್ತೀನಿ."

ಅತ್ತ ಬದುವಿನ ಮೇಲೆ ಬರುತ್ತಿದ್ದ ಡಾಕ್ಟರು ಅಲ್ಲೇ ನಿಂತು, ಅವರಿಬ್ಬರನ್ನೂ ದುರ್ಬೀನಿನಲ್ಲಿ ನೋಡಿದರು. ಆಮೇಲೆ ಸದ್ದಿಲ್ಲದೆ ಕೆರೆಯ ಕಡೆ ತಿರುಗಿ ನಡೆದರು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈ ಹಾಳೆಯನ್ನು ಮಡಿಚಿಡುವ ಮೊದಲು ಕೈ ತೊಳೆದು ಮೂರು ಬೆರಳು ಜೋಡಿಸಿ ನೋಡಿ. ಹೋಗದಿದ್ದರೆ, ಖಾರ ತಾಗಿದಾಗ ಬಾಯಿ ಉರಿದರೆ, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಹುಣ್ಣು ಎರಡು ವಾರವಾದರೂ ಮಾಯದಿದ್ದರೆ ಹತ್ತಿರದ ಹಲ್ಲಿನ ಡಾಕ್ಟರಿಗೋ ಸರ್ಕಾರಿ ಆಸ್ಪತ್ರೆಗೋ ತೋರಿಸಿ. ಹೊಗೆಸೊಪ್ಪು, ಕಡ್ಡಿಪುಡಿ ಬಿಡಲು ನೆರವು ಬೇಕಾದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಇವತ್ತು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಎದುರು ಕೂತವರ ತುತ್ತನ್ನೂ ಒಮ್ಮೆ ನೋಡಿ.