ಅರ್ಧ ಡಾಕ್ಟರಮ್ಮ ಹಾಸಿಗೆ ಹಾಸಿದ್ದು

ಹಾಸಿಗೆ ಹಾಸುವುದರಲ್ಲಿ ಎರಡು ಸಲ ಫೇಲಾದವರು ಭೂಮಿಯ ಮೇಲೆ ಎಷ್ಟು ಜನ ಇದ್ದಾರೋ ಗೊತ್ತಿಲ್ಲ, ಅವಳಂತೂ ಒಬ್ಬಳು. ಮೂವತ್ತಾರು ವರ್ಷ, ಇಬ್ಬರು ಮಕ್ಕಳ ತಾಯಿ, ಹನ್ನೊಂದು ವರ್ಷ ದೊಡ್ಡ ಆಸ್ಪತ್ರೆಯೊಂದರಲ್ಲಿ ಫಿಸಿಶಿಯನ್ ಅಸಿಸ್ಟೆಂಟ್ ಆಗಿದ್ದವಳು. ಡಾಕ್ಟರು ಬರುವ ಮೊದಲೇ ರೋಗಿಯನ್ನು ಮಾತಾಡಿಸಿ, ರಿಪೋರ್ಟು ಜೋಡಿಸಿಟ್ಟು, ರೌಂಡ್ಸಿನಲ್ಲಿ ಅವರ ಬಾಯಿಂದ ಉದುರಿದ್ದನ್ನೆಲ್ಲ ಫೈಲಿಗೆ ಇಳಿಸುವ ಕೆಲಸ. ರೋಗಿಗಳು ‘ಅರ್ಧ ಡಾಕ್ಟರಮ್ಮ’ ಎನ್ನುತ್ತಿದ್ದರು. ಆ ಅರ್ಧವನ್ನೂ ಬಿಟ್ಟು, ಈಗ ನರ್ಸಿಂಗ್ ಮೊದಲ ವರ್ಷದಲ್ಲಿ ಹದಿನೆಂಟರ ಹುಡುಗಿಯರ ನಡುವೆ ಕೂತು, ಚಾದರದ ಮೂಲೆ ಮಡಚುವುದನ್ನು ಕಲಿಯುತ್ತಿದ್ದಳು.

ಮನೆಯಲ್ಲಿ ಕೇಳಬೇಕೆ? ಅತ್ತೆಯದು ಹಾಡಿದ್ದೇ ಹಾಡು. "ನೆಗಡಿ ಬಂತೂಂತ ಯಾರಾದ್ರೂ ಮೂಗು ಕೊಯ್ಕೋತಾರಾ? ಡಾಕ್ಟ್ರ ಪಕ್ಕ ನಿಂತಿದ್ದೋಳು ಈಗ ಬೆಡ್‌ಪ್ಯಾನ್ ಹಿಡೀತಾಳಂತೆ." ಯಾಕೆ ಬಿಟ್ಟೆ, ಯಾಕೆ ಬಿಟ್ಟೆ ಎಂದು ಕೇಳಿದವರಿಗೆಲ್ಲ ಒಂದೊಂದು ಉತ್ತರ ಕೊಟ್ಟು ಅವಳಿಗೆ ಸಾಕಾಗಿತ್ತು. ಅತ್ತೆಗೆ ಕೆಲಸ ಭದ್ರ ಎಂದಿದ್ದಳು, ಗಂಡನಿಗೆ ನರ್ಸಿಗೆ ಎಲ್ಲಿ ಹೋದರೂ ಕೆಲಸ ಇದೆ ಎಂದಿದ್ದಳು, ಹಳೆಯ ಡಾಕ್ಟರಿಗೆ ಬೆನ್ನುನೋವು ಎಂದಿದ್ದಳು. ನರ್ಸ್ ಆಗಲು ಹೊರಟವಳು ಬೆನ್ನುನೋವಿನ ನೆಪ ಹೇಳಿದ್ದನ್ನು ಆ ಡಾಕ್ಟರು ನಂಬಿದರಲ್ಲ, ಅದೇ ಆಶ್ಚರ್ಯ. ನಿಜವಾದ ಕಾರಣವನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಮೊದಲ ಸಲ ಫೇಲಾದದ್ದು ಅಭ್ಯಾಸಕ್ಕೆಂದು ಮಂಚದ ಮೇಲೆ ಮಲಗಿಸಿದ್ದ ಗೊಂಬೆಯ ಮುಂದೆ. ಗೊಂಬೆಗೆ ಸ್ನಾನ ಮಾಡಿಸಿ ಚಾದರ ಬದಲಿಸು ಎಂದರೆ, ಇವಳು ಹಳೆಯ ರೂಢಿಯಂತೆ ಮಂಚದ ಕಾಲ ಬಳಿ ನಿಂತು ಅದರ ಕಾಯಿಲೆಯ ಚರಿತ್ರೆ ಒಪ್ಪಿಸಿದಳು. ಎರಡನೇ ಸಲ ನಿಜವಾದ ರೋಗಿ. ಡ್ರಿಪ್ ಜೋರಾಗಿ ಹೋಗುತ್ತಿದೆ ಅನ್ನಿಸಿ, ಯಾರನ್ನೂ ಕೇಳದೆ ನಿಧಾನ ಮಾಡಿದಳು. ಮಾಡಿದ್ದು ಸರಿಯೇ ಆಗಿತ್ತು. "ಸರಿಯೋ ತಪ್ಪೋ ಆಮೇಲೆ. ಮೊದಲ ವರ್ಷದೋರು ಅದನ್ನ ಮುಟ್ಟೋ ಹಾಗೇ ಇಲ್ಲ," ಎಂದು ಟ್ಯೂಟರಮ್ಮ ಕೆಂಪು ಶಾಯಿಯಲ್ಲಿ ಗೆರೆ ಎಳೆದರು. ಇವಳಿಗಿಂತ ಏಳು ವರ್ಷ ಚಿಕ್ಕವರು ಆ ಟ್ಯೂಟರಮ್ಮ. ಹಲ್ಲು ಕಚ್ಚಿಕೊಂಡು "ಸರಿ ಮೇಡಂ" ಎನ್ನುವಷ್ಟರಲ್ಲಿ ಇವಳ ದವಡೆ ನೋಯುತ್ತಿತ್ತು.

ಮೂರನೇ ಸಲವೂ ಹೋದರೆ ಮೊದಲ ವರ್ಷವನ್ನು ಪೂರ್ತಿ ಮತ್ತೆ ಮಾಡಬೇಕು. ಹಳೆಯ ಡಾಕ್ಟರು ತಿಂಗಳ ಕೊನೆಯವರೆಗೆ ಅವಳ ಜಾಗ ಖಾಲಿ ಇಟ್ಟಿದ್ದರು. ಗಂಡನೂ ಅವಳೂ ಕೂತು ಮಾತಾಡಿ ಒಂದು ಒಪ್ಪಂದಕ್ಕೆ ಬಂದಿದ್ದರು. ಪಾಸಾದರೆ ಅವನು ಇನ್ನು ತುಟಿಪಿಟಕ್ ಎನ್ನಬಾರದು, ಫೇಲಾದರೆ ಅವಳು ಸುಮ್ಮನೆ ಹಳೆಯ ಕೆಲಸಕ್ಕೆ ಮರಳಬೇಕು.

ಪರೀಕ್ಷೆಯ ದಿನ ಅವಳ ಪಾಲಿಗೆ ಬಂದವರು ಶಾಲೆಯೊಂದರ ನಿವೃತ್ತ ಹೆಡ್‌ಮೇಡಂ. ಲಕ್ವ ಹೊಡೆದು ಎಡಗೈ ಎಡಗಾಲು ಸೋತು ಮಲಗಿದ್ದರು. ಮಾತು ತೊದಲುತ್ತಿತ್ತು, ದರ್ಪ ಮಾತ್ರ ಹಾಗೇ ಇತ್ತು. ಅವರನ್ನು ಮಂಚದಿಂದ ಇಳಿಸದೆ ಮೈ ಒರೆಸಿ, ಚಾದರ ಬದಲಿಸಬೇಕು. ಮೂವತ್ತು ನಿಮಿಷ.

"ಬೇಗ ಮುಗಿಸಮ್ಮ, ಚಳಿ," ಎಂದರು ಹೆಡ್‌ಮೇಡಂ.

ಈ ಸಲ ಅವಳು ಚರಿತ್ರೆ ಒಪ್ಪಿಸಲಿಲ್ಲ, ಡ್ರಿಪ್ಪಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಪರದೆ ಎಳೆದಳು. ಮೊಣಕೈಯಿಂದ ನೀರಿನ ಬಿಸಿ ನೋಡಿದಳು. ಮುಖ, ಕೈ, ಎದೆ, ಕಾಲು ಒರೆಸಿ ಮುಗಿಸಿದಾಗ ಹದಿನೇಳು ನಿಮಿಷವಾಗಿತ್ತು. ಟ್ಯೂಟರಮ್ಮನ ಪೆನ್ನು ಒಂದೊಂದೇ ಟಿಕ್ ಹಾಕುತ್ತಾ ಹೋಗುತ್ತಿತ್ತು. ಈ ಸಲ ಗೆದ್ದೆ ಎಂದುಕೊಂಡು ಅವಳು ಹೆಡ್‌ಮೇಡಂ ಅವರನ್ನು ಮೆಲ್ಲಗೆ ಬಲ ಮಗ್ಗುಲಿಗೆ ತಿರುಗಿಸಿದಳು.

ಬೆನ್ನಿನ ಕೆಳಗೆ, ಬಾಲದ ಮೂಳೆಯ ಮೇಲೆ, ಅಂಗೈಯಷ್ಟು ಜಾಗ ಕೆಂಪಗಿತ್ತು. ಬೆರಳಿಟ್ಟು ಒತ್ತಿದಳು. ಒತ್ತಿದರೂ ಆ ಕೆಂಪು ಬಿಳಿಚಿಕೊಳ್ಳಲಿಲ್ಲ. ಮಲಗಿದಲ್ಲೇ ಮಲಗಿ ಆಗುವ ಹುಣ್ಣಿನ ಶುರು ಅದು.

ಅವಳು ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಕೈ ಒರೆಸಿಕೊಂಡು, ಮಂಚದ ಕಾಲಿಗೆ ತೂಗುಹಾಕಿದ್ದ ಫೈಲನ್ನು ತೆಗೆದಳು. ಇಂದು ಬೆಳಿಗ್ಗೆ: ಚರ್ಮ ಸರಿಯಿದೆ. ನಿನ್ನೆ: ಚರ್ಮ ಸರಿಯಿದೆ. ಮೊನ್ನೆಯೂ ಅದೇ. ಅಕ್ಷರವೂ ಒಂದೇ, ಅವಸರವೂ ಒಂದೇ.

"ಇನ್ನು ಹನ್ನೆರಡು ನಿಮಿಷ ಇದೆ. ಫೈಲ್ ಓದೋದು ಪರೀಕ್ಷೆಲಿಲ್ಲ," ಎಂದರು ಟ್ಯೂಟರಮ್ಮ.

"ಗೊತ್ತು ಮೇಡಂ. ಈ ವಾರ್ಡಿನ ಫಿಸಿಶಿಯನ್ ಅಸಿಸ್ಟೆಂಟನ್ನ ಕರೆಸಿ."

"ಚಾದರ ಹಾಕಿ ಮುಗಿಸಿ, ಆಮೇಲೆ ಹೇಳಬಹುದಲ್ಲ?"

ಹೇಳಬಹುದಿತ್ತು. ಹನ್ನೆರಡು ನಿಮಿಷದಲ್ಲಿ ಏನು ಮುಳುಗಿಹೋಗುತ್ತಿತ್ತು? ಆದರೆ ‘ಆಮೇಲೆ’ ಎಂಬ ಮಾತಿನ ಬೆಲೆ ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿ ಇರಲಿಲ್ಲ. "ಚಾದರ ಹಾಕಿ ಮೇಲೆ ಮಲಗಿಸಿದ್ರೆ ಮತ್ತೆ ಯಾರೂ ತಿರುಗಿಸಿ ನೋಡಲ್ಲ ಮೇಡಂ. ಚಾದರದ ಮೂಲೆ ಹಾಳಾಗಿ ಹೋಗ್ಲಿ. ಬಂದು ನೋಡಿ."

ಟ್ಯೂಟರಮ್ಮ ಬಂದು ನೋಡಿದರು. ಹೊರಗೆ ಹೋಗಿ ಅಸಿಸ್ಟೆಂಟನ್ನು ಕರೆತಂದರು. ಕನ್ನಡಕ ಹಾಕಿದ ಹುಡುಗಿ, ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಕ್ಕಿಲ್ಲ, ಕೋಟಿನ ಜೇಬಿನಲ್ಲಿ ನಾಲ್ಕು ಪೆನ್ನು.

"ಬೆಳಿಗ್ಗೆ ರೌಂಡ್ಸಲ್ಲಿ ನೋಡಿದ್ವಲ್ಲ," ಎಂದಳು ಹುಡುಗಿ.

"ನೋಡಿಲ್ಲಮ್ಮ, ಬರೆದಿದ್ದೀಯ."

ಹುಡುಗಿಯ ಮುಖ ಕೆಂಪಾಯಿತು. "ನೀವು ಸ್ಟೂಡೆಂಟ್. ನೀವು ನನಗೆ..."

"ನಾನೂ ಬರೆದೋಳೇ. ಹನ್ನೊಂದು ವರ್ಷ. ಹಿಂದಿನ ದಿನದ್ದು ನೋಡ್ಕೊಂಡು ಇವತ್ತಿಂದು ಬರೆಯೋದು, ಡಾಕ್ಟ್ರು ಸಹಿ ಹಾಕೋದು. ಒಬ್ಬರಿಗೆ ಒಂಬತ್ತು ದಿನ ಹಾಗೇ ಬರೆದೆ. ದಿನಾ ಅವರ ಕಾಲ ಹತ್ರ ನಿಂತು ‘ಹೇಗಿದ್ದೀರಾ’ ಅಂತ ಕೇಳಿದೆ. ಹತ್ತನೇ ದಿನ ನರ್ಸ್ ಮಗ್ಗುಲು ಮಾಡಿದ್ರೆ, ಒಳಗೆ ಮೂಳೆ ಕಾಣ್ತಿತ್ತು. ಅವರು ಮನೆಗೆ ಹೋಗಲಿಲ್ಲ." ಅವಳು ಫೈಲನ್ನು ಹುಡುಗಿಯ ಕೈಗೆ ಕೊಟ್ಟಳು. "ಯಾರೂ ನನ್ನ ಬೈಲಿಲ್ಲ. ಫೈಲಲ್ಲಿ ಎಲ್ಲಾ ಸರಿಯಾಗಿತ್ತಲ್ಲ."

ಗೋಡೆಗೆ ಮುಖ ಮಾಡಿ ಮಲಗಿದ್ದ ಹೆಡ್‌ಮೇಡಂ ತೊದಲುತ್ತಲೇ ಹೇಳಿದರು. "ಮೂರು ದಿನದಿಂದ ಉರೀತಿದೆ ಅಂತಿದೀನಿ. ಎಲ್ಲರೂ ತಲೆ ಆಡಿಸ್ಕೊಂಡು ಹೋದ್ರಿ."

ಹುಡುಗಿ ಜೇಬಿನಿಂದ ಪೆನ್ನು ತೆಗೆದಳು. ಬರೆಯುವ ಮೊದಲು ಮಂಚದ ಪಕ್ಕಕ್ಕೆ ಬಂದು, ಬಗ್ಗಿ, ಆ ಜಾಗವನ್ನು ನೋಡಿದಳು. ಆಮೇಲೆ ಡಾಕ್ಟರಿಗೆ ಫೋನ್ ಮಾಡಿದಳು. ಅಷ್ಟು ಹೊತ್ತಿಗೆ ನಲವತ್ತೊಂದು ನಿಮಿಷವಾಗಿತ್ತು, ಚಾದರ ಇನ್ನೂ ಹಳೆಯದೇ ಇತ್ತು.

"ನೀವು ಮಾಡಿದ್ದು ಸರಿ," ಎಂದರು ಟ್ಯೂಟರಮ್ಮ, ಕಾಗದದಿಂದ ಕಣ್ಣು ತೆಗೆಯದೆ. "ಸಮಯ ಮೀರಿದ್ದೂ ಹೌದು. ನಾನು ಬೇರೆ ಬರೆಯೋಕಾಗಲ್ಲ. ಈಗ ತಾನೇ ನೀವೇ ಹೇಳಿದ್ರಲ್ಲ, ನೋಡಿದ್ದನ್ನೇ ಬರೀಬೇಕು."

ತಲೆ ಚಚ್ಚಿಕೊಳ್ಳಲು ಗೋಡೆ ಹತ್ತಿರವೇ ಇತ್ತು. ಅವಳು ಫೇಲ್ ಎಂದು ಬರೆದ ಆ ಕಾಗದಕ್ಕೆ ಸಹಿ ಹಾಕಿ ಕೊಟ್ಟಳು.

ಮಧ್ಯಾಹ್ನ ಗಂಡನ ಫೋನು ಬಂತು. "ಏನಾಯ್ತೇ?"

"ಫೇಲ್."

ಆ ಕಡೆ ನಿಟ್ಟುಸಿರು ಕೇಳಿತು. "ಹೋಗ್ಲಿ ಬಿಡು. ಸೋಮವಾರದಿಂದ ಬರ್ತಾಳೆ ಅಂತ ಡಾಕ್ಟ್ರಿಗೆ ಹೇಳ್ಲಾ?"

"ಬರಲ್ಲ ಅಂತ ಹೇಳಿ ರೀ. ಆ ಜಾಗಕ್ಕೆ ಬೇರೆಯವರನ್ನ ತಗೊಳ್ಲಿ."

"ಮತ್ತೆ ನಾವು ಮಾತಾಡಿದ್ದು?"

"ಮಾತು ಮುರೀತಿದೀನಿ. ಸಂಜೆ ಬಂದು ಯಾಕೆ ಅಂತ ಹೇಳ್ತೀನಿ. ಈ ಸಲ ಸುಳ್ಳು ಹೇಳಲ್ಲ."

"ಅಂದ್ರೆ ಮತ್ತೆ ಮೊದಲ ವರ್ಷನಾ?" ಅವನ ದನಿಯಲ್ಲಿ ಅಳುವೂ ಇತ್ತು, ನಗುವೂ ಇತ್ತು. "ಅಮ್ಮನಿಗೆ ಏನಂತ ಹೇಳಲಿ?"

"ನಿಮ್ಮ ಸೊಸೆಗೆ ಹಾಸಿಗೆ ಹಾಸೋಕೆ ಬರಲ್ಲ, ಇನ್ನೊಂದು ವರ್ಷ ಕಲೀತಾಳಂತೆ ಅನ್ನಿ. ಇಡ್ತೀನಿ, ಹೊತ್ತಾಯ್ತು."

ಎರಡು ಗಂಟೆಗೊಮ್ಮೆ ಹೆಡ್‌ಮೇಡಂ ಅವರ ಮಗ್ಗುಲು ಬದಲಿಸಬೇಕಿತ್ತು, ಆ ಕೆಂಪು ಜಾಗ ಚಾದರಕ್ಕೆ ಉಜ್ಜದ ಹಾಗೆ ಎತ್ತಿ ತಿರುಗಿಸುವುದು ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ. ಅವಳು ಪರದೆ ಸರಿಸಿ ಒಳಗೆ ಹೋದಾಗ ಟ್ಯೂಟರಮ್ಮ ಕೋಟಿನ ತೋಳು ಮೇಲಕ್ಕೆ ಮಡಚಿಕೊಂಡು ಮಂಚದ ಆ ಬದಿಯಲ್ಲಿ ಆಗಲೇ ನಿಂತಿದ್ದರು.